ಮುಕಾದಮನ ನಂಬರು

ನಮ್ಮ ಆಫೀಸು ಆಸ್ಪತ್ರೆಗೆ ಮಾಡಿಕೊಟ್ಟ ಕಂಪ್ಯೂಟರ್ ಅಪ್ಲಿಕೇಶನ್ನಿಗೆ ಯಾವ ಸರ್ಚ್ ಹಾಕಬೇಕೆಂದು ಆರಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬಾಯಿ ಬರುವುದಿಲ್ಲ.

ಮರಾಠಿ ಸೀಮೆಯ ಭೋಸರಿಯಲ್ಲಿರುವ ಸಣ್ಣ ಧರ್ಮಾಸ್ಪತ್ರೆ ಅದು. ಬರುವವರು ಹೆಚ್ಚಾಗಿ ನಮ್ಮ ಯಾದಗಿರಿ, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಫೋನ್ ನಂಬರು ಹೊಡೆದರೆ ರೋಗಿಯ ಹಳೆಯ ದಾಖಲೆ ತೆರೆಯಬೇಕು. ನನ್ನ ಮುಂದೆ ಎರಡು ಸರ್ಚ್ ಇದ್ದವು. ಒಂದು, ಆ ನಂಬರಿಗೆ ಸಿಕ್ಕವರನ್ನೆಲ್ಲ ಸಾಲಾಗಿ ತೋರಿಸಿ, ಯಾರೆಂದು ನೀವೇ ಆರಿಸಿ ಎನ್ನುತ್ತಿತ್ತು. ಭಾರೀ ನಿಧಾನ. ಇನ್ನೊಂದು, ತಾನೇ ಆರಿಸಿ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಒಬ್ಬರ ದಾಖಲೆ ತೆರೆದಿಡುತ್ತಿತ್ತು. ಜಂಬದಿಂದ ಎರಡನೆಯದನ್ನು ಆರಿಸಿದೆ. ಮೀಟಿಂಗಿನಲ್ಲಿ ಎಲ್ಲರೂ ತಲೆದೂಗಿದರು.

ಮೊದಲ ದಿನ ಹೇಗೆ ನಡೆಯುತ್ತದೋ ಎಂಬ ಪುಕುಪುಕು. ನಾನಿರುವ ಧನಕವಡಿಯಿಂದ ಬಸ್ಸು ಬದಲಿಸಿ ಹೋಗಿ ನರ್ಸ್ ಪಕ್ಕ ಕೂತೆ. ಕಾಲಿನ ಗಾಯ ಕೀವಾಗಿದ್ದ ಹೆಂಗಸೊಬ್ಬಳು ಬಂದಳು. ಸೆರಗಿನ ಗಂಟು ಬಿಚ್ಚಿ, ನಂಬರು ಬರೆದ ಚೀಟಿ ತೋರಿಸಿದಳು. ನರ್ಸ್ ಹೊಡೆದರು, ದಾಖಲೆ ತೆರೆಯಿತು. ಒಗ್ಗದ ಔಷಧಿ ಯಾವುದೂ ಇಲ್ಲ ಎಂದಿತ್ತು. ಮೇಲೆ ಹೆಸರೂ ಇತ್ತು, ಆದರೆ ಸಾಲು ಬಾಗಿಲತನಕ ಬೆಳೆದಿತ್ತು. ನರ್ಸ್ ನೋಡಲಿಲ್ಲ, ನಾನೂ ನೋಡಲಿಲ್ಲ. ಅವರು ಸಿರಿಂಜಿಗೆ ಔಷಧಿ ಎಳೆಯತೊಡಗಿದರು.

ಮೇಜಿನ ಮೇಲಿದ್ದ ಆ ಚೀಟಿ ಕಂಡು ಅವ್ವ ನೆನಪಾದಳು. ನಾನು ಬೆಳೆದದ್ದೂ ಇಂಥ ಗಾರೆಯವರ ತಗಡಿನ ಶೆಡ್ಡಿನಲ್ಲೇ. ಅವ್ವನ ಸೆರಗಿನಲ್ಲೂ ಒಂದು ನಂಬರು ಇರುತ್ತಿತ್ತು. ಶಾಲೆಗೆ, ರೇಷನ್ನಿಗೆ, ದವಾಖಾನೆಗೆ ಅದನ್ನೇ ಕೊಡುವುದು. ಅದು ಅವಳದಲ್ಲ, ಊರಿನಿಂದ ಕೂಲಿಯವರನ್ನು ಕರೆತಂದ ಮುಕಾದಮನದು. ಶೆಡ್ಡಿನ ಅಷ್ಟೂ ಹೆಂಗಸರಿಗೆ ಅದೊಂದೇ ನಂಬರು. ಇದನ್ನು ಮರೆತೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆ ಹೆಂಗಸಿನ ಕಡೆ ತಿರುಗಿದೆ. “ಅಕ್ಕಾರ, ಈ ನಂಬರ್ ಯಾರದ್ರಿ?” ಎಂದೆ.

“ನಮ್ಮ ಮುಕಾದಮರದ್ರಿ. ನಾವೆಲ್ಲಾರೂ ಅದನ್ನ ಕೊಡತೀವಿ.”

ಯಾವುದಾದರೂ ಸೂಜಿ ಒಗ್ಗುವುದಿಲ್ಲವೇ ಎಂದು ಕೇಳಿದೆ.

“ಹೋದ ಸಲ ಇಲ್ಲೇ ಒಂದು ಮಾಡಿದ್ರು. ಮಾರಿ ಬಾತು, ಉಸಿರಾಡ್ಲಿಕ್ಕೆ ಬರಲಿಲ್ರಿ. ಅದರಾಗ ಬರಕೊಂಡಾರಲ್ಲ?” ಎಂದು ಕಂಪ್ಯೂಟರಿನ ಕಡೆ ಕೈ ತೋರಿಸಿದಳು.

ನರ್ಸ್ ಅವರ ಕೈ ಹಿಡಿದುಕೊಂಡೆ. ಮರಾಠಿಯಲ್ಲಿ ಏನು ಒದರಿದೆನೋ ನೆನಪಿಲ್ಲ. ಅವರು ಸಿರಿಂಜು ಕೆಳಗಿಟ್ಟು, ಹೆಸರು ಕೇಳಿ ಹುಡುಕಿದರು. ಅವಳ ದಾಖಲೆ ಬೇರೆಯೇ ಇತ್ತು. ಸಿರಿಂಜಿನಲ್ಲಿದ್ದ ಔಷಧಿಯ ಹೆಸರು ಅದರಲ್ಲಿ ಕೆಂಪಕ್ಷರದಲ್ಲಿತ್ತು. ನಾವು ತೆರೆದದ್ದು ಅದೇ ಶೆಡ್ಡಿನ ಇನ್ಯಾರದೋ. ಅಲ್ಲಿಂದಲೇ ಆಫೀಸಿಗೆ ಫೋನು ಮಾಡಿ ನನ್ನ ಸರ್ಚನ್ನು ಮುಚ್ಚಿಸಿದೆ.

ಬೇರೆ ಔಷಧಿ ತೆಗೆದುಕೊಂಡು ಹೊರಟವಳು ನನ್ನ ಬಳಿ ನಿಂತಳು. ತಪ್ಪು ನನ್ನದೆಂದು ಹೇಳಬೇಕಿತ್ತು. ಹೆದರಿದೆ, ಹೇಳಲಿಲ್ಲ. ಅವಳು ಚೀಟಿಯನ್ನು ತಿರುಗಿಸಿ ಮುಂದೆ ಹಿಡಿದಳು.

“ನೀವು ಕೇಳಿದ್ದಕ್ಕ ಉಳದೆನ್ರಿ. ನಿಮ್ಮ ನಂಬರ್ ಬರದು ಕೊಡ್ರಿ. ಇನ್ನ ಮ್ಯಾಲೆ ನಾವೆಲ್ಲಾರೂ ಅದನ್ನ ಕೊಡತೀವಿ.”

ಬೇಡವೆನ್ನಲು ಧೈರ್ಯವಾಗಲಿಲ್ಲ, ಬರೆದುಕೊಟ್ಟೆ. ಈಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ, ಶೆಡ್ಡಿನ ಯಾರ ಬಗ್ಗೆ ಎಂದು ಮೊದಲು ಹೆಸರು ಕೇಳುತ್ತೇನೆ.