ವಿಮಾನದ ಸಭೆ

ಹರಿಹರದ ಕಾರ್ಖಾನೆಯಲ್ಲಿ ನಮಗೆ ಹಿರಿಯ ಇಂಜಿನಿಯರಾಗಿದ್ದವರೊಬ್ಬರಿಗೆ ದಾವಣಗೆರೆಗೆ ವಿಮಾನ ನಿಲ್ದಾಣ ತರಿಸುವ ಹುಚ್ಚು. ಆ ಅರವತ್ತರ ದಶಕದಲ್ಲಿ ಭಾನುವಾರ ಬಂತೆಂದರೆ ಕಿರಿಯ ಇಂಜಿನಿಯರುಗಳಾದ ನಮ್ಮನ್ನು ಕೂರಿಸಿಕೊಂಡು ಸಭೆಗಳನ್ನು ಯೋಜಿಸುತ್ತಿದ್ದರು. "ಜನಕ್ಕೆ ತಿಳಿಸಿದ್ರೆ ಸಾಕ್ರಿ, ಮುಂದಿಂದು ತಾನೇ ಆಗ್ತೈತೆ" ಎನ್ನುತ್ತ ಅಂಗಿಯ ತುದಿಯಿಂದ ಕನ್ನಡಕ ಒರೆಸುತ್ತಿದ್ದರು.

ಸುತ್ತಲ ಹಳ್ಳಿಗಳಲ್ಲಿ ಡಂಗುರ ಹೊಡೆಸಿ ಕರೆದಿದ್ದ ದಾವಣಗೆರೆಯ ಮೊದಲ ಸಭೆಯಲ್ಲಿ ಅವರು ಮಾತು ಶುರುಮಾಡುತ್ತಿದ್ದಂತೆ, ಸಾರಥಿ ಎಂಬ ಹಳ್ಳಿಯ ಹೆಣ್ಣುಮಗಳೊಬ್ಬಳು ಜ್ವರದ ಕೂಸನ್ನೆತ್ತಿಕೊಂಡು ಮುಂದೆ ಬಂದಳು.

"ವಿಮಾನ ಯಾವಾಗ ಬರ್ತೈತ್ರಿ? ಮಗೀನ ಬೆಂಗಳೂರು ದೊಡ್ಡಾಸ್ಪತ್ರೆಗೆ ಒಯ್ಯಬೇಕು."

"ಇವತ್ತು ಬರಲ್ಲಮ್ಮ. ಇದು ಬರೀ ಮಾತಿನ ಸಭೆ."

"ಹಂಗಂದ್ರೆ ಹೆಂಗ್ರಿ? ಡಂಗುರದಾಗೆ ವಿಮಾನ ಅಂದ್ರಲ್ಲ!"

ಅವರು ಸಭೆ ಬಿಟ್ಟು ಆಕೆಯನ್ನು ರೈಲು ನಿಲ್ದಾಣಕ್ಕೆ ಕರೆದೊಯ್ದರು, ನಾನೂ ಹೋದೆ. ರೈಲು ಬರುವ ಮೊದಲೇ ಕೂಸಿನ ಉಸಿರು ನಿಂತಿತು. ಅವರು ಆಕೆಯ ಪಕ್ಕ ನೆಲದ ಮೇಲೆ ಕುಳಿತರು.

ಮತ್ತೆಂದೂ ಅವರು ಸಭೆ ಕರೆಯಲಿಲ್ಲ.