ಹಾಕು ಅಂದ್ರೆ ಹಾಕು

ಮೊನ್ನೆ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಮನೆ ನೋಡಲು ಹೋಗಿದ್ದೆ. ಬೇಸ್‌ಮೆಂಟಿಗೆ ಇಳಿದೊಡನೆ ಮುಗ್ಗಿದ ಕಾರ್ಪೆಟ್ಟಿನ ವಾಸನೆ ಮೂಗಿಗೆ ಬಡಿಯಿತು. ಏಜೆಂಟ್ ಏನೋ ಸಮಜಾಯಿಷಿ ಹೇಳುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಹತ್ತಿರದ ಊರು ಕೆಂಡಲ್ ಪಾರ್ಕಿನಲ್ಲಿದ್ದ ಟ್ಯೂಷನ್ ಅಂಕಲ್ ಮನೆಯ ಬೇಸ್‌ಮೆಂಟಿಗೂ ಇದೇ ವಾಸನೆಯಿತ್ತು...

ಇಲ್ಲಿಗೆ ವಲಸೆ ಬಂದ ನಮ್ಮವರ ಮಕ್ಕಳಿಗೆಲ್ಲ ಕ್ಯಾಲ್ಕ್ಯುಲಸ್ ಕಲಿಸುತ್ತಿದ್ದವರು ಅವರೇ. ಕಲಿಸುತ್ತಿದ್ದರು ಎನ್ನುವುದು ದೊಡ್ಡ ಮಾತು. ಬಾಯಿಪಾಠ ಮಾಡಿಸುತ್ತಿದ್ದರು, ತಪ್ಪಿದವರನ್ನು ಎಲ್ಲರೆದುರು ಹಂಗಿಸುತ್ತಿದ್ದರು. ನಾನಾಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಕಾಲೇಜಿನಲ್ಲಿ ಮ್ಯಾಥ್ಸೇ ಓದಬೇಕೆಂದು ಗಟ್ಟಿ ಮಾಡಿಕೊಂಡಿದ್ದೆ.

ಒಂದು ಭಾನುವಾರ ಡಬಲ್ ಇಂಟೆಗ್ರಲ್ ನಡೆಯುತ್ತಿತ್ತು. ಆಕಾರ ದುಂಡಗಿದ್ದರೆ x, y ಬಿಟ್ಟು, ಕೇಂದ್ರದಿಂದ ಎಷ್ಟು ದೂರ, ಯಾವ ಕೋನ ಎಂದು ಲೆಕ್ಕ ಹಾಕುವುದು ಸುಲಭ. ಹಾಗೆ ಬದಲಿಸುವಾಗ ಆ ದೂರದಿಂದ, ಅಂದರೆ r ನಿಂದ, ಒಮ್ಮೆ ಗುಣಿಸಬೇಕು. ಏಕೆಂದು ಕೇಳಿದೆ.

"ಹಾಕು ಅಂದ್ರೆ ಹಾಕು. ಎಕ್ಸಾಮಲ್ಲಿ ಯಾಕೆ ಅಂತ ಯಾರೂ ಕೇಳಲ್ಲ," ಎಂದರು. ಮತ್ತೆ ಕೇಳಿದೆ.

"ಇಷ್ಟೂ ಗೊತ್ತಾಗಲ್ವಾ ನಿಂಗೆ?" ಎಂದು ನಕ್ಕರು. ಉಳಿದವರೂ ನಕ್ಕರು.

ಆ ಸಂಜೆ ಮನೆಯಲ್ಲಿ ಪಿಟ್ಸಾ ತಿನ್ನುವಾಗ ನನಗೇ ಹೊಳೆಯಿತು. ಕೋನ ಒಂದೇ ಆದರೂ ತುಂಡು ನಡುವಿನಲ್ಲಿ ಕಿರಿದು. ಅಂಚಿನತ್ತ ಹೋದಷ್ಟೂ ಅಗಲ. ಆ ಅಗಲವನ್ನು ಲೆಕ್ಕಕ್ಕೆ ತರಲೆಂದೇ r! ಖುಷಿಗೆ ಅಡುಗೆಮನೆಯಲ್ಲೇ ಕುಣಿದಾಡಿದೆ.

ಮುಂದಿನ ವಾರ ಯುಗಾದಿ ಊಟ. ಬಿಸಿಬೇಳೆಬಾತಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಅಪ್ಪನಿಗೆ ಅಂಕಲ್ ತೀರ್ಪು ಕೊಟ್ಟರು. "ಇವಳಿಗೆ ಮ್ಯಾಥ್ಸ್ ತಲೆಗೆ ಹತ್ತಲ್ಲ ಸಾರ್. ಸುಮ್ನೆ ಫಾರ್ಮಸಿಗೆ ಹಾಕ್ಬಿಡಿ."

ಸ್ಕೂಲಿನ ಗ್ರೇಡುಗಳು ಏನೇ ಹೇಳಲಿ, ಅಪ್ಪನಿಗೆ ಅಂಕಲ್ ಮಾತೇ ವೇದವಾಕ್ಯ. ಅತ್ತು ಕರೆದೆ, ಜಗಳವಾಡಿದೆ, ಊಟ ಬಿಟ್ಟೆ... ಕೊನೆಗೆ ಫಾರ್ಮಸಿ ಓದಿದೆ. ಇವತ್ತಿಗೂ ಮಾತ್ರೆಗಳ ನಡುವೆಯೇ ನಿಂತಿದ್ದೇನೆ.

ಹೋದ ಚಳಿಗಾಲ ಅಂಕಲ್ ತೀರಿಕೊಂಡರು. "ಎಷ್ಟಾದ್ರೂ ಪಾಠ ಹೇಳ್ಕೊಟ್ಟವ್ರು ಕಣೇ, ಬಾ," ಎಂದು ಅಮ್ಮ ಗೋಗರೆದರು. ನಾನು ಹೋಗಲಿಲ್ಲ. ಸತ್ತವರನ್ನು ಬೈಯಬಾರದಂತೆ. ಹಾಗೆಂದವರು ಯಾರೂ ಆ ಬೇಸ್‌ಮೆಂಟಿನಲ್ಲಿ ಕುಳಿತವರಲ್ಲ.

ಅಂತ್ಯಕ್ರಿಯೆ ನಡೆದ ಫ್ಯೂನರಲ್ ಹೋಮಿನಿಂದ ಮರಳಿದ ಅಪ್ಪ ಫೋನ್ ಮಾಡಿದರು. "ಹೋದ ಸಲ ಸಿಕ್ಕಾಗ ನಿನ್ನ ನೆನೆಸ್ಕೊಂಡಿದ್ರು ಕಣಮ್ಮ. ನೀನು ಅವತ್ತು ಯಾಕೆ ಅಂತ ಕೇಳಿದ್ಯಲ್ಲ, ಆನ್ಸರ್ ಅವ್ರಿಗೂ ಗೊತ್ತಿರ್ಲಿಲ್ವಂತೆ. ಹೇಳ್ಕೊಂಡು ನಕ್ಕಿದ್ದೇ ನಕ್ಕಿದ್ದು, ಪಾಪ."

ಅಪ್ಪನೂ ನಕ್ಕರು. ನಾನು ಫೋನ್ ಇಟ್ಟೆ.

ಈಗ ಬಾಯಿತುಂಬ ಬೈಯೋಣವೆಂದರೆ ಎದುರಿಗೆ ಮನುಷ್ಯನೇ ಇಲ್ಲ. ನನ್ನ ಮ್ಯಾಥ್ಸೂ ಇಲ್ಲ.