ಮೂಗಿಲ್ಲದ ರಾಜ

ಕಪ್ಪಾದ ಬೆಳ್ಳಿ ರೂಪಾಯಿಯನ್ನು ಹುಣಸೆಹಣ್ಣಿನ ನೀರಿಗೆ ಹಾಕಬೇಕೆನ್ನುವಷ್ಟರಲ್ಲಿ ಅಕ್ಕ ನನ್ನ ಕೈ ಹಿಡಿದಳು. ಎಂಬತ್ತೆರಡರ ಕೈಯಲ್ಲಿ ಅಷ್ಟು ಬಲವಿರುತ್ತದೆಂದು ನಾನು ಎಣಿಸಿರಲಿಲ್ಲ.

ಅವ್ವ ತನ್ನ ಬಳಿಯಿದ್ದ, ಬ್ರಿಟಿಷ್ ರಾಜನ ಮುಖವಿರುವ ಹತ್ತು ಬೆಳ್ಳಿ ರೂಪಾಯಿಗಳನ್ನು ನಮ್ಮಿಬ್ಬರಿಗೂ ಐದೈದು ಹಂಚಿ ಹೋಗಿದ್ದಳು. ಪ್ರತಿ ಲಕ್ಷ್ಮೀಪೂಜೆಯ ಹಿಂದಿನ ದಿನ ಬೆಳಿಗ್ಗೆ ಆರಕ್ಕೆ ನಾನು ನನ್ನವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತೇನೆ. ಬೆರಳು ನೋಯುತ್ತವೆ, ಆದರೂ ನಲವತ್ತು ವರ್ಷ ತಪ್ಪಿಸಿಲ್ಲ. ಈ ಸಲ ಹಬ್ಬಕ್ಕೆ ನಾಲ್ಕು ದಿನ ಮೊದಲು ಅನಗೋಳದಿಂದ ಖಾನಾಪುರದ ಅಕ್ಕನ ಮನೆಗೆ ಹೋದಾಗ ಅವಳ ನಾಣ್ಯಗಳನ್ನು ಕಂಡು, ಬಸ್ಸಿನ ದಣಿವಿನಲ್ಲೂ ಸುಮ್ಮನಿರಲಾಗಲಿಲ್ಲ.

“ಇಂಥಾ ಹೊಲಸು ನಾಣ್ಯ ಪೂಜಾಕ್ಕ ಇಡತಿ ಏನ ಅಕ್ಕಾ?” ಎಂದೆ.

“ಹೊಲಸಲ್ಲೋ ತಮ್ಮಾ, ಅವ್ವ ಹಚ್ಚಿದ ಕುಂಕುಮ ಐತಿ ಅದರಾಗ. ಆಕಿ ಹೋದ ಮ್ಯಾಲೆ ನಾ ಬರೇ ಅಕ್ಷತಿ ಹಾಕತೀನಿ. ನಿನ್ನ ರಾಜಾಗ ಮೂಗರ ಉಳದೈತೇನು, ನೋಡ್ಕೋ ಹೋಗು!”

ಕನ್ನಡಕ ಹಾಕಿಕೊಂಡು ನೋಡಿದೆ. ಕಪ್ಪು ಬೆಳ್ಳಿಯ ಮೇಲೆ ರಾಜನ ಗಡ್ಡ ಎಳೆಎಳೆಯಾಗಿ ಕಾಣುತ್ತಿತ್ತು. ಅದರ ಸಂದಿನಲ್ಲಿ ಹಳೆಯ ಕೆಂಪು ಇನ್ನೂ ಉಳಿದಿತ್ತು.

ಮನೆಗೆ ಬಂದು ನನ್ನ ಐದನ್ನೂ ದೀಪದ ಕೆಳಗೆ ಇಟ್ಟೆ. ಚೆನ್ನಾಗಿ ಹೊಳೆಯುತ್ತಿದ್ದವು. ರಾಜನಿಗೆ ಮೂಗಿರಲಿಲ್ಲ, ಎಲ್ಲಿಯೂ ಒಂದು ಕೆಂಪು ಚುಕ್ಕೆಯಿರಲಿಲ್ಲ. ಪೂಜೆಯ ಹಿಂದಿನ ದಿನ ಆರಕ್ಕೆ, ರೂಢಿಯಂತೆ, ಹುಣಸೆಹಣ್ಣು ನೆನೆಯಲಿಟ್ಟು ಅದರ ಮುಂದೆ ತುಸು ಹೊತ್ತು ಕುಳಿತೆ. ಆಮೇಲೆ ಬಟ್ಟಲನ್ನು ಹೆಂಡತಿಗೆ ಸಾರಿಗೆಂದು ಕೊಟ್ಟೆ.